ಮಗನ ಖಾತೆಯಲ್ಲಿ ಅಪ್ಪನ ಹೆಸರು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ಬೆಳೆಗಾರರಿಗೆ ಆದಾಯ ತೆರಿಗೆ ಇಲಾಖೆ ದೂರದ ನೆಂಟ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಅಡಿಕೆ ಮಾರಿದ ಹಣ ಸಹಕಾರಿ ಸಂಘದ ಖಾತೆಗೆ ಜಮೆಯಾಗುತ್ತದೆ. ಗೊಬ್ಬರ, ಕಿರಾಣಿ, ಮದುವೆ ಮುಂಜಿಗಳೆಲ್ಲ ಅಲ್ಲಿಂದಲೇ ನಡೆಯುತ್ತವೆ. ಹೀಗಾಗಿ ಅನೇಕ ಹಿರಿಯರಿಗೆ ರಿಟರ್ನ್ ಸಲ್ಲಿಸುವ ಪ್ರಸಂಗವೇ ಬಂದಿಲ್ಲ. ಆದರೆ ಅವರ ಮಕ್ಕಳು ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳನ್ನು ಸೇರಿದ್ದಾರೆ. ಕೆಲವರು ಮರಳಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ತೊಡಕು ಇರುವುದು ಇಲ್ಲಿಯೇ.

ಸಿದ್ದಾಪುರ ಕಡೆಯ ನನ್ನ ಪರಿಚಿತರೊಬ್ಬರ ಹೆಸರನ್ನು ಅಮೆರಿಕದಲ್ಲಿರುವ ಮಗ ತನ್ನ ಬ್ಯಾಂಕ್ ಖಾತೆಗೆ ಜಂಟಿಯಾಗಿ ಸೇರಿಸಿದ್ದಾನೆ. ‘ಆ ದುಡ್ಡು ನಾನು ಮುಟ್ಟಿದ್ದೇ ಇಲ್ಲ, ಅದಕ್ಕೂ ನನಗೂ ಎಂತ ಸಂಬಂಧ ಮಾರಾಯ್ರೆ?’ ಎಂದು ಅವರು ಕೇಳಿದರು. ಕಾನೂನಿನ ಉತ್ತರ ಅಷ್ಟು ಸರಳವಲ್ಲ. ಮಗ ಊರಿಗೆ ಕಳಿಸಿದ ಹಣದ ಮಾತು ಬೇರೆ. ತಂದೆಗೆ ಮಗ ಕೊಟ್ಟ ಕೊಡುಗೆಗೆ ತೆರಿಗೆಯಿಲ್ಲ. ಆದರೆ ಭಾರತದ ಸಾಮಾನ್ಯ ನಿವಾಸಿಯ ಹೆಸರಿನಲ್ಲಿ ಹೊರದೇಶದಲ್ಲಿ ಖಾತೆಯಿದ್ದರೆ, ಅಥವಾ ಅಂಥ ಖಾತೆಯಲ್ಲಿ ಸಹಿ ಹಾಕುವ ಅಧಿಕಾರ ಇದ್ದರೂ, ತೆರಿಗೆಗೆ ಒಳಪಡುವ ಆದಾಯ ಒಂದು ರೂಪಾಯಿ ಇರದಿದ್ದರೂ ರಿಟರ್ನ್ ಸಲ್ಲಿಸಬೇಕು. ಅದರ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಖಾತೆಯನ್ನು ತೋರಿಸಬೇಕು. (ಆ ಪಟ್ಟಿಗೆ ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷದ ಲೆಕ್ಕ, ನಮ್ಮ ಏಪ್ರಿಲ್-ಮಾರ್ಚ್ ಲೆಕ್ಕವಲ್ಲ.) ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯ ಪ್ರಕಾರ ಹತ್ತು ಲಕ್ಷ ರೂಪಾಯಿ ದಂಡ ವಿಧಿಸಬಹುದು. ಸ್ಥಿರಾಸ್ತಿ ಬಿಟ್ಟು ಉಳಿದ ಆಸ್ತಿಯ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ ಈ ದಂಡವಿಲ್ಲ ಎಂಬ ವಿನಾಯಿತಿ ದೊರೆತದ್ದು 2024ರ ಅಕ್ಟೋಬರ್ 1ರಿಂದ.

ಮರಳಿ ಬಂದ ಮಕ್ಕಳ ಸ್ಥಿತಿಯೂ ಇಂಥದೇ. ಅಲ್ಲಿ ದುಡಿದು, ಅಲ್ಲಿಯೇ ತೆರಿಗೆ ಕಟ್ಟಿ ಉಳಿಸಿದ ನಿವೃತ್ತಿ ನಿಧಿ, ಕಂಪನಿ ಕೊಟ್ಟ ಷೇರು: ಅನಿವಾಸಿಯಾಗಿದ್ದಾಗ ಅವನ್ನು ಇಲ್ಲಿ ತೋರಿಸಬೇಕಾಗಿರಲಿಲ್ಲ. ಸಾಮಾನ್ಯ ನಿವಾಸಿಯಾದ ವರ್ಷದಿಂದ ತೋರಿಸಲೇಬೇಕು. ಇಷ್ಟು ವರ್ಷ ತೋರಿಸದವನು ಈಗ ತೋರಿಸಲು ಹೊರಟರೆ, ‘ಹಿಂದೆ ಏಕೆ ತೋರಿಸಲಿಲ್ಲ?’ ಎಂಬ ಪ್ರಶ್ನೆಗೆ ತಾನೇ ಬಾಗಿಲು ತೆರೆದಂತೆ. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ಅಮೆರಿಕದೊಂದಿಗೆ 2015ರಲ್ಲಿ ಆದ ಒಪ್ಪಂದದಿಂದ ಅಲ್ಲಿನ ಖಾತೆಗಳ ವಿವರ ದೆಹಲಿಗೆ ಬರುತ್ತದೆ. ಇನ್ನೂ ಹತ್ತಾರು ದೇಶಗಳಿಂದಲೂ ಬರುತ್ತದೆ.

ಸರ್ಕಾರ 2015ರಲ್ಲಿ ಮೂರು ತಿಂಗಳ ಅವಕಾಶ ಕೊಟ್ಟಿತ್ತು. ಆಸ್ತಿಯ ಮೌಲ್ಯದ ಶೇ 30 ತೆರಿಗೆ, ಅಷ್ಟೇ ದಂಡ. ಬಂದ ಘೋಷಣೆಗಳು 644, ಮೊತ್ತ 4,164 ಕೋಟಿ ರೂಪಾಯಿ. ದೇಶದ ಗಾತ್ರಕ್ಕೆ ಇದು ಅತ್ಯಲ್ಪ. 2024ರ ನವೆಂಬರ್‌ನಲ್ಲಿ ಇಲಾಖೆ ಯಾವ ಕ್ಷಮಾದಾನವನ್ನೂ ಸಾರದೆ, ವಿದೇಶಿ ಖಾತೆಗಳ ಮಾಹಿತಿ ತನ್ನಲ್ಲಿದೆ ಎಂದು ಸಂದೇಶ ಕಳಿಸಿತು. 24,678 ಮಂದಿ ತಮ್ಮ ರಿಟರ್ನ್ ಮರುಪರಿಶೀಲಿಸಿದರು, 5,483 ಮಂದಿ ತಡವಾಗಿಯಾದರೂ ಸಲ್ಲಿಸಿದರು, 29,208 ಕೋಟಿ ರೂಪಾಯಿಯ ಆಸ್ತಿ ಲೆಕ್ಕಕ್ಕೆ ಬಂತು. ಸಿಕ್ಕಿಬೀಳುವ ಭಯ ಇದರಲ್ಲಿ ಕೆಲಸ ಮಾಡಿರಬಹುದು. ಆದರೂ ಇವರಲ್ಲಿ ಬಹುಪಾಲು ಜನ ಕಳ್ಳರಲ್ಲ, ತಿಳಿಯದವರು ಎಂದೇ ನನ್ನ ಭಾವನೆ.

ಈ ವ್ಯತ್ಯಾಸವನ್ನು ಸರ್ಕಾರ ಕೊನೆಗೂ ಗುರುತಿಸಿದೆ. 2026ರ ಫೆಬ್ರವರಿ 1ರ ಬಜೆಟ್‌ನಲ್ಲಿ ಸಣ್ಣ ತೆರಿಗೆದಾರರಿಗೆ ಆರು ತಿಂಗಳ ಘೋಷಣಾ ಯೋಜನೆಯನ್ನು ಪ್ರಕಟಿಸಲಾಯಿತು. ತೆರಿಗೆ ಕಟ್ಟದ ಒಂದು ಕೋಟಿವರೆಗಿನ ಆದಾಯ, ಆಸ್ತಿಗೆ ಒಟ್ಟು ಶೇ 60. ತೆರಿಗೆ ಕಟ್ಟಿದ ಹಣದಿಂದ ಅಥವಾ ಅನಿವಾಸಿಯಾಗಿದ್ದಾಗ ಗಳಿಸಿ, ಪಟ್ಟಿಯಲ್ಲಿ ಮಾತ್ರ ತೋರಿಸದ ಐದು ಕೋಟಿವರೆಗಿನ ಆಸ್ತಿಗೆ ಒಂದು ಲಕ್ಷ ಶುಲ್ಕ. ಪ್ರತಿವರ್ಷ ಶಿಸ್ತಾಗಿ ತೆರಿಗೆ ಕಟ್ಟಿದವರು ‘ನಾವೇ ಮೂರ್ಖರೇ?’ ಎಂದು 1997ರ ಸ್ವಯಂ ಘೋಷಣಾ ಯೋಜನೆಯ ಕಾಲದಲ್ಲಿ ಕೇಳಿದ್ದು ನ್ಯಾಯವಾಗಿತ್ತು. ಶೇ 60 ಕಟ್ಟುವವನನ್ನು ನೋಡಿ ಯಾರೂ ಹೊಟ್ಟೆಕಿಚ್ಚು ಪಡಲಾರರು.

ಬೇಕೆಂದೇ ಬಚ್ಚಿಟ್ಟವರೂ ನಮ್ಮ ನಡುವೆ ಇದ್ದಾರು. ಅವರು ಈ ಸೀಮೆಯ ಕರನಿರಾಕರಣೆಯ ಪರಂಪರೆಯನ್ನು ಎಳೆದುತರುವುದು ಬೇಡ. 1930ರ ದಶಕದಲ್ಲಿ ಸಿದ್ದಾಪುರ, ಅಂಕೋಲೆಯ ರೈತರು ಕಂದಾಯ ಕೊಡುವುದಿಲ್ಲವೆಂದು ಸಾರಿ ಹೇಳಿಯೇ ಕೊಡದಿದ್ದವರು. ಜಮೀನು, ಪಾತ್ರೆ ಪಗಡಗಳನ್ನು ಜಪ್ತಿಗೆ ಬಿಟ್ಟುಕೊಟ್ಟರು. ಜಪ್ತಿಯಾದ ಆಸ್ತಿ ಕೊಂಡವರ ಎದುರು ಮಾವಿನಗುಂಡಿಯಲ್ಲಿ ಹೆಂಗಸರು ಸತ್ಯಾಗ್ರಹ ಹೂಡಿದರು. ಅಲ್ಲಿ ಗುಟ್ಟೆಂಬುದೇ ಇರಲಿಲ್ಲ.

ನನ್ನ ಆತಂಕ ಬಚ್ಚಿಟ್ಟವರ ಬಗೆಗಲ್ಲ, ತೋಟದ ಹಿರಿಯರ ಬಗೆಗೆ. ಇಲಾಖೆಯ ಸಂದೇಶ ಹೋಗುವುದು ಮಿಂಚಂಚೆಗೆ, ಮೊಬೈಲಿಗೆ, ಅದೂ ರಿಟರ್ನ್ ಸಲ್ಲಿಸುವವರಿಗೆ. ಎಂದೂ ಸಲ್ಲಿಸದ ಅಪ್ಪನಿಗೆ ಅದು ತಲುಪುವುದಾದರೂ ಹೇಗೆ? ಅವರು ತಪ್ಪದೆ ಹೋಗುವ ಜಾಗ ಸಹಕಾರಿ ಸಂಘದ ವಾರ್ಷಿಕ ಸಭೆ. ಇಲಾಖೆಯ ಅಧಿಕಾರಿಯೊಬ್ಬರು, ಊರಿನ ಲೆಕ್ಕಪರಿಶೋಧಕರೊಬ್ಬರು ಅಲ್ಲಿಗೆ ಬಂದು ಅರ್ಧ ಗಂಟೆ ಕನ್ನಡದಲ್ಲಿ ವಿವರಿಸಲಿ. ‘ನಿಮ್ಮ ಹೆಸರು ಹೊರದೇಶದ ಯಾವುದಾದರೂ ಖಾತೆಯಲ್ಲಿದೆಯೇ, ಮಕ್ಕಳನ್ನು ಕೇಳಿ’ ಎಂಬಲ್ಲಿಂದಲೇ ಆರಂಭಿಸಬಹುದು.