ಪತ್ರಕರ್ತನ ಟಿಪ್ಪಣಿ ಪುಸ್ತಕ ಯಾರ ಸ್ವತ್ತು?

ಅಧಿಕಾರದಲ್ಲಿರುವವರ ಕಡತಗಳು ಜನರ ಮುಂದೆ ಬರಬೇಕೆಂದು ಪತ್ರಿಕೆಗಳು ಸದಾ ಒತ್ತಾಯಿಸುತ್ತವೆ. ಇದೇ ಮಾನದಂಡ ಪತ್ರಕರ್ತರ ಸ್ವಂತ ಕಡತಗಳಿಗೂ ಅನ್ವಯಿಸಬೇಕೇ? ಅಮೆರಿಕದ ಆಸ್ಟಿನ್ ನಗರದಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಕೇಂದ್ರದಲ್ಲಿ ಇರಿಸಲಾಗಿರುವ ಎಪ್ಪತ್ತಕ್ಕೂ ಹೆಚ್ಚು ಪೆಟ್ಟಿಗೆಗಳು ಈ ಪ್ರಶ್ನೆಯನ್ನು ಇಂದಿಗೂ ಜೀವಂತವಾಗಿಟ್ಟಿವೆ.

ಅವು 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ಬಾಬ್ ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್ ಅವರ ವಾಟರ್‌ಗೇಟ್ ದಾಖಲೆಗಳು. ಸಂದರ್ಶನದ ಟಿಪ್ಪಣಿಗಳು, ಸಂಪಾದಕರಿಗೆ ಬರೆದ ಮಾಹಿತಿ ಪತ್ರಗಳು, ವರದಿಗಳ ಕರಡುಗಳು ಹಾಗೂ ಪುಸ್ತಕಗಳ ಹಸ್ತಪ್ರತಿಗಳು ಇವುಗಳಲ್ಲಿವೆ. 2003ರಲ್ಲಿ ವಿಶ್ವವಿದ್ಯಾಲಯ ಇವನ್ನು 50 ಲಕ್ಷ ಡಾಲರ್ ತೆತ್ತು ಖರೀದಿಸಿತು. 2005ರ ಫೆಬ್ರುವರಿಯಲ್ಲಿ ಸಂಶೋಧಕರಿಗೆ ಬಾಗಿಲು ತೆರೆಯಿತು.

ಷರತ್ತಿನ ಮಾರಾಟ

ಮಾರಾಟಕ್ಕೊಂದು ಷರತ್ತಿತ್ತು. ಹೆಸರು ಹೇಳುವುದಿಲ್ಲವೆಂದು ಮಾತು ಕೊಡಲಾದ ವ್ಯಕ್ತಿಗಳ ಗುರುತು ತಿಳಿಸುವ ಕಾಗದಗಳು, ಆಯಾ ವ್ಯಕ್ತಿಯ ಮರಣದವರೆಗೆ ಹೊರಬರುವಂತಿರಲಿಲ್ಲ. ಅವುಗಳನ್ನು ಉಳಿದವುಗಳಿಂದ ಬೇರ್ಪಡಿಸಿ ವಾಷಿಂಗ್ಟನ್ನಿನಲ್ಲಿಯೇ ಭದ್ರವಾಗಿ ಇರಿಸಲಾಯಿತು.

ಈ ಎಚ್ಚರಿಕೆಗೆ ಹಳೆಯ ಕಾರಣವಿದೆ. ವಾಟರ್‌ಗೇಟ್ ಕಟ್ಟಡ ಸಂಕೀರ್ಣದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ ಐವರು ಬಂಧಿತರಾದದ್ದು 1972ರ ಜೂನ್ 17ರಂದು. ಅದಾದ ಹನ್ನೆರಡನೇ ದಿನ, ಜೂನ್ 29ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಬ್ರಾನ್ಸ್‌ಬರ್ಗ್ ಪ್ರಕರಣದಲ್ಲಿ 5-4ರ ಬಹುಮತದ ತೀರ್ಪು ನೀಡಿತು. ಗ್ರ್ಯಾಂಡ್ ಜ್ಯೂರಿಯ ಮುಂದೆ ಸಾಕ್ಷ್ಯ ನುಡಿಯಲು ನಿರಾಕರಿಸುವ ಸಾಂವಿಧಾನಿಕ ಹಕ್ಕು ಪತ್ರಕರ್ತರಿಗಿಲ್ಲ ಎಂಬುದು ಅದರ ಸಾರ. 1973ರಲ್ಲಿ ನಿಕ್ಸನ್ ಅವರ ಮರುಚುನಾವಣಾ ಸಮಿತಿ 'ಪೋಸ್ಟ್' ವರದಿಗಾರರ ಟಿಪ್ಪಣಿಗಳನ್ನು ಒಪ್ಪಿಸುವಂತೆ ಸಮನ್ಸ್ ಕೊಡಿಸಿತು. ಪತ್ರಿಕೆಯ ಒಡತಿ ಕ್ಯಾಥರೀನ್ ಗ್ರಹಾಂ ಅವರಿಗೂ ಸಮನ್ಸ್ ತಲುಪಿತ್ತು. ನ್ಯಾಯಾಧೀಶರು ಅದನ್ನು ರದ್ದುಪಡಿಸದಿದ್ದರೆ, ಮುಂದೆ ಇತಿಹಾಸದ ಆಕರವಾಗಬೇಕಿದ್ದ ಕಾಗದಗಳು ಅಂದೇ ಆರೋಪಿತರ ಪಾಳೆಯದ ಕೈ ಸೇರುತ್ತಿದ್ದವು.

ತೆರೆದ ಬಾಗಿಲ ಪಾಠ

ಕಡತಗಳು ತೆರೆದ ನಾಲ್ಕೇ ತಿಂಗಳಿಗೆ, 2005ರ ಮೇ 31ರಂದು, 'ಡೀಪ್ ಥ್ರೋಟ್' ಎಂಬ ಗುಪ್ತನಾಮದ ಒಗಟು ಬಿಡಿಸಿತು. ಆತ ಎಫ್‌ಬಿಐ ಸಂಸ್ಥೆಯ ಎರಡನೇ ಸ್ಥಾನದಲ್ಲಿದ್ದ ಮಾರ್ಕ್ ಫೆಲ್ಟ್. ಹೆಸರು ಹೊರಬಂದದ್ದು ಪೆಟ್ಟಿಗೆಗಳಿಂದಲ್ಲ, ವರದಿಗಾರರ ಬಾಯಿಂದಲೂ ಅಲ್ಲ. 'ವ್ಯಾನಿಟಿ ಫೇರ್' ಪತ್ರಿಕೆಯ ಮೂಲಕ ಫೆಲ್ಟ್ ಅವರೇ ಅದನ್ನು ಪ್ರಕಟಿಸಿದರು. ಮೂವತ್ತಕ್ಕೂ ಹೆಚ್ಚು ವರ್ಷ ಮಾತು ಉಳಿದಿತ್ತು. 2008ರ ಡಿಸೆಂಬರಿನಲ್ಲಿ ಫೆಲ್ಟ್ ನಿಧನರಾದರು.

ಹೆಸರು ತಿಳಿದ ಮೇಲೆ ಕಥೆ ಸರಳವಾಗಲಿಲ್ಲ. ಹೂವರ್ ನಿಧನಾನಂತರ ಎಫ್‌ಬಿಐ ಮುಖ್ಯಸ್ಥ ಸ್ಥಾನ ಕೈತಪ್ಪಿದ್ದೇ ಫೆಲ್ಟ್ ಅವರ ಪ್ರೇರಣೆ ಎಂದು ಮ್ಯಾಕ್ಸ್ ಹಾಲೆಂಡ್ 2012ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ವಾರಂಟ್ ಇಲ್ಲದೆ ಮನೆಗಳಿಗೆ ನುಗ್ಗಿ ಶೋಧಿಸಲು ಅನುಮತಿಸಿದ ಪ್ರಕರಣದಲ್ಲಿ ಇದೇ ಫೆಲ್ಟ್ 1980ರಲ್ಲಿ ಅಪರಾಧಿಯೆನಿಸಿದ್ದರು; 1981ರಲ್ಲಿ ಅಧ್ಯಕ್ಷ ರೇಗನ್ ಕ್ಷಮಾದಾನ ನೀಡಿದರು. ಸುದ್ದಿಮೂಲ ಸಂತನಾಗಿರಬೇಕಿಲ್ಲ, ಆದರೆ ಆತನ ಹಿತಾಸಕ್ತಿ ಏನೆಂಬುದನ್ನು ಓದುಗ ಅರಿಯಲು ಗುಪ್ತನಾಮ ಅಡ್ಡಿಯಾಗುತ್ತದೆ.

ಇನ್ನೊಂದು ಪೆಟ್ಟು ಬಿದ್ದದ್ದು ಬೇರೆ ಪೆಟ್ಟಿಗೆಗಳಿಂದ. 'ಪೋಸ್ಟ್' ಸಂಪಾದಕ ಬೆನ್ ಬ್ರಾಡ್ಲಿ ಅವರ ಖಾಸಗಿ ಕಡತಗಳನ್ನು ಜಾಲಾಡಿದ ಜೆಫ್ ಹಿಮ್ಮೆಲ್‌ಮನ್, 1972ರ ಡಿಸೆಂಬರಿನ ಬರ್ನ್‌ಸ್ಟೀನ್ ಟಿಪ್ಪಣಿಯೊಂದನ್ನು 2012ರಲ್ಲಿ ಬೆಳಕಿಗೆ ತಂದರು. 1974ರ ಪುಸ್ತಕ 'ಆಲ್ ದಿ ಪ್ರೆಸಿಡೆಂಟ್ಸ್ ಮೆನ್' ಪ್ರಕಾರ, ಗ್ರ್ಯಾಂಡ್ ಜ್ಯೂರಿ ಸದಸ್ಯರಿಂದ ಮಾಹಿತಿ ಪಡೆಯುವ ಯತ್ನ ಫಲಿಸಿರಲಿಲ್ಲ. ಪುಸ್ತಕದಲ್ಲಿ 'ಝಡ್' ಎಂದು ಕರೆಯಲಾದ ಮಹಿಳೆ ಜ್ಯೂರಿ ಸದಸ್ಯೆಯೇ ಆಗಿದ್ದರು ಎಂಬುದನ್ನು ಟಿಪ್ಪಣಿ ತೋರಿಸಿತು. ಲೇಖಕರಿಬ್ಬರೂ ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಆದರೂ, ಪುಸ್ತಕ ಹೇಳಿದ್ದನ್ನು ಅದೇ ಪತ್ರಿಕೆಯ ಕಾಗದ ಪರೀಕ್ಷೆಗೊಡ್ಡಿತು ಎಂಬುದು ಗಮನಾರ್ಹ. ಕಡತ ಉಳಿಯದಿದ್ದರೆ ಈ ಪರೀಕ್ಷೆಯೂ ಇರುತ್ತಿರಲಿಲ್ಲ.

ಎರಡು ಅಳತೆಗೋಲು

ವಾಟರ್‌ಗೇಟ್ ನಂತರ ಅಮೆರಿಕ 1978ರಲ್ಲಿ ಅಧ್ಯಕ್ಷೀಯ ದಾಖಲೆಗಳ ಕಾಯ್ದೆ ತಂದು, ಅಧ್ಯಕ್ಷರ ಅಧಿಕೃತ ಕಾಗದಗಳನ್ನು ಸಾರ್ವಜನಿಕ ಸ್ವತ್ತೆಂದು ಸಾರಿತು. ಆ ಅಧ್ಯಕ್ಷರ ಪತನವನ್ನು ವರದಿ ಮಾಡಿದವರ ಕಾಗದಗಳಾದರೋ ಖಾಸಗಿ ಸ್ವತ್ತಾಗಿಯೇ ಉಳಿದು ಮಾರಾಟವಾದವು. ಇದರಲ್ಲಿ ವೈರುಧ್ಯ ಕಂಡರೂ ಅನ್ಯಾಯ ಇದೆಯೆನ್ನಲಾಗದು. ಸರ್ಕಾರದ ಕಾಗದ ಜನರ ಅಧಿಕಾರದಿಂದ ಹುಟ್ಟಿದ್ದು. ವರದಿಗಾರನ ಟಿಪ್ಪಣಿ ಒಬ್ಬ ವ್ಯಕ್ತಿ ಇನ್ನೊಬ್ಬನ ಮೇಲಿಟ್ಟ ನಂಬಿಕೆಯಿಂದ ಹುಟ್ಟಿದ್ದು. ಆ ನಂಬಿಕೆಗೆ ಬೆಲೆ ಕಟ್ಟಿದ್ದು ಸರಿಯೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಭಾರತದಲ್ಲಿ ರಕ್ಷಣೆ ಇನ್ನೂ ತೆಳು. 1978ರ ಪತ್ರಿಕಾ ಮಂಡಳಿ ಕಾಯ್ದೆಯ 15ನೇ ಕಲಮಿನಂತೆ, ಮಂಡಳಿಯು ಸುದ್ದಿಮೂಲ ತಿಳಿಸುವಂತೆ ಪತ್ರಕರ್ತರನ್ನು ಬಲವಂತಪಡಿಸುವಂತಿಲ್ಲ. ನ್ಯಾಯಾಲಯಗಳ ಮುಂದೆ ಈ ರಕ್ಷೆ ನಿಲ್ಲದು. ಸುದ್ದಿಮೂಲಗಳ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯದ ಮೂಲ ಷರತ್ತುಗಳಲ್ಲೊಂದು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ಪೆಗಾಸಸ್ ಪ್ರಕರಣದ ಆದೇಶದಲ್ಲಿ ಹೇಳಿದ್ದು ಸಮಾಧಾನದ ಸಂಗತಿ. ಆದರೆ ಇಂದು ವರದಿಗಾರನ ಟಿಪ್ಪಣಿ ಇರುವುದು ಪೆಟ್ಟಿಗೆಯಲ್ಲಲ್ಲ, ಮೊಬೈಲಿನಲ್ಲಿ. ಒಂದು ಫೋನ್ ವಶವಾದರೆ ಕೊಟ್ಟ ಮಾತುಗಳೆಲ್ಲ ಒಮ್ಮೆಗೇ ಮುರಿಯುತ್ತವೆ. ಅದೇ ಫೋನ್ ಹಾಳಾದರೆ ನಾಳಿನ ಇತಿಹಾಸಕಾರನಿಗೆ ಏನೂ ಉಳಿಯುವುದಿಲ್ಲ.

ಆಸ್ಟಿನ್ನಿನ ಏರ್ಪಾಡು ಈ ಎರಡು ಅಪಾಯಗಳ ನಡುವಿನ ಹಾದಿ. ಬದುಕಿರುವ ಮೂಲಕ್ಕೆ ಮೌನ, ಕಾಲ ಕಳೆದ ಮೇಲೆ ಓದುಗನಿಗೆ ಲೆಕ್ಕ. ಇತರರಿಂದ ಲೆಕ್ಕ ಕೇಳುವ ವೃತ್ತಿ ತಾನೂ ಒಂದು ದಿನ ಲೆಕ್ಕ ಒಪ್ಪಿಸಬೇಕಾಗುತ್ತದೆ. ಅದಕ್ಕೆ ಕಾಗದ ಉಳಿದಿರಬೇಕು.