ಜೀವಕೋಶದ ಸಕ್ಕರೆ ಬೇರೆ, ಊಟದ ಸಕ್ಕರೆ ಬೇರೆ

ಕ್ಯಾನ್ಸರ್ ಎಂದು ತಿಳಿದೊಡನೆಯೇ ಅನೇಕ ಮನೆಗಳಲ್ಲಿ ರೋಗಿಯ ಎಡೆಯಿಂದ ಸಿಹಿ ಮರೆಯಾಗುತ್ತದೆ. ಬರಬರುತ್ತ ಹಣ್ಣು, ಅನ್ನ, ಕೊನೆಗೆ ದಾಸೋಹದ ಪ್ರಸಾದವೂ ದೂರವಾಗುತ್ತವೆ. ಸಕ್ಕರೆಯೇ ಕ್ಯಾನ್ಸರನ್ನು ಸಾಕುತ್ತದೆ ಎಂಬ ಭಯ ಇದಕ್ಕೆ ಕಾರಣ. ಕ್ಯಾನ್ಸರ್ ಕೋಶಗಳು ಸಕ್ಕರೆಯ ಹೊದಿಕೆ ಹೊದ್ದಿರುತ್ತವೆ ಎಂಬ ವಿಜ್ಞಾನದ ಮಾತನ್ನು ಕೇಳಿದವರಿಗಂತೂ ಈ ಭಯ ಇಮ್ಮಡಿಯಾದೀತು. ಆ ಮಾತು ದಿಟ. ಅದರಿಂದ ರೋಗಿಯ ಊಟವನ್ನು ಕಸಿಯುವುದು ಮಾತ್ರ ತಪ್ಪೆಂದು ನಾವು ಭಾವಿಸುತ್ತೇವೆ.

ನಮ್ಮ ಜೀವಕೋಶಗಳ ಮೇಲೆಲ್ಲ ಸಕ್ಕರೆಯ ಸರಪಳಿಗಳಿಂದಾದ ತೆಳುವಾದ ಹೊದಿಕೆಯಿರುತ್ತದೆ. ಆರೋಗ್ಯವಂತ ಕೋಶಕ್ಕೂ ಅದು ಬೇಕು. ಅದನ್ನು ನೇಯುವವು ಕಿಣ್ವಗಳು. ಸರಪಳಿಯ ತುದಿಗೆ ಸಿಯಾಲಿಕ್ ಆಮ್ಲವೆಂಬ ಸಕ್ಕರೆಯನ್ನು ಜೋಡಿಸುವವು ಸಿಯಾಲಿಲ್‌ಟ್ರಾನ್ಸ್‌ಫರೇಸ್ ಕಿಣ್ವಗಳು. ಅದನ್ನು ಕಳಚುವವು ಸಿಯಾಲಿಡೇಸ್ ಕಿಣ್ವಗಳು. ಅನೇಕ ಬಗೆಯ ಕ್ಯಾನ್ಸರ್‌ಗಳಲ್ಲಿ ಜೋಡಣೆ ಅತಿಯಾಗುತ್ತದೆ. ದೇಹವನ್ನು ಕಾಯುವ ಬಿಳಿ ರಕ್ತಕಣಗಳ ಮೇಲಿನ ಸಿಗ್ಲೆಕ್ ಎಂಬ ಗ್ರಾಹಕಗಳು ಸಿಯಾಲಿಕ್ ಆಮ್ಲವನ್ನು ಗುರುತಿಸಿ, ‘ಇವ ನಮ್ಮವನೇ’ ಎಂಬಂತೆ ದಾಳಿಯನ್ನು ತಡೆಯುತ್ತವೆ. ವೈರಿಯು ಬಂಧುವಿನ ವೇಷದಲ್ಲಿ ಬೆಳೆಯುತ್ತಾನೆ. ಹೊರಗಿನ ವೇಷಕ್ಕೆ ಮರುಳಾಗದಿರೆಂದು ಶರಣರು ಕೊಟ್ಟ ಎಚ್ಚರ ಇಲ್ಲಿಯೂ ನೆನಪಾಗುತ್ತದೆ.

ಈ ವೇಷವನ್ನು ಕಳಚುವ ಯತ್ನವೂ ನಡೆದಿದೆ. 2022ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೂವರಲ್ಲಿ ಒಬ್ಬರಾದ ಅಮೆರಿಕದ ಕ್ಯಾರೊಲಿನ್ ಬರ್ಟೋಜಿ ಅವರ ತಂಡವು, ಕ್ಯಾನ್ಸರ್ ಕೋಶವನ್ನು ಗುರುತಿಸುವ ಪ್ರತಿಕಾಯಕ್ಕೆ ಸಿಯಾಲಿಡೇಸನ್ನು ಜೋಡಿಸಿ, ಆ ಕೋಶದ ಮೇಲಿನ ಸಿಯಾಲಿಕ್ ಆಮ್ಲವನ್ನು ಕತ್ತರಿಸುವ ದಾರಿಯನ್ನು ತೋರಿಸಿತು. ಇದು ಸಂಶೋಧನೆಯ ದಾರಿ. ವೈದ್ಯರು ಇಂದು ನೀಡುತ್ತಿರುವ ಚಿಕಿತ್ಸೆಯನ್ನು ಬಿಟ್ಟು ಇದಕ್ಕಾಗಿ ಯಾರೂ ಕಾಯಬಾರದು.

ನಾವು ಗಮನಿಸಬೇಕಾದುದು ಇಷ್ಟು: ಹೊದಿಕೆ ಕೆಡುವುದು ಕಿಣ್ವಗಳು ಅಂಕೆ ತಪ್ಪಿದ್ದರಿಂದ, ಚಹಾದೊಳಗಿನ ಒಂದು ಚಮಚ ಸಕ್ಕರೆಯಿಂದಲ್ಲ. ಸಿಹಿಯನ್ನು ಪೂರ್ತಿ ತೊರೆದರೂ ದೇಹವು ಈ ಸಕ್ಕರೆಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅತಿ ಸಿಹಿಯಿಂದ ಬೊಜ್ಜು ಬೆಳೆಯುತ್ತದೆ, ಬೊಜ್ಜಿನಿಂದ ಕೆಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚುತ್ತದೆ. ಆದುದರಿಂದ ಮಿತಿ ಎಲ್ಲರಿಗೂ ಬೇಕು, ಮಧುಮೇಹಿಗಳಿಗೆ ಇನ್ನೂ ಬೇಕು. ಆದರೆ ಚಿಕಿತ್ಸೆಯಲ್ಲಿರುವವರು ಹಸಿದು ತೂಕ ಕಳೆದುಕೊಂಡರೆ ಔಷಧವನ್ನು ತಾಳುವ ಶಕ್ತಿಯೇ ಕುಂದುತ್ತದೆ.

ಹಸಿದವರಿಗೆ ಉಣಿಸುವುದನ್ನು ಧರ್ಮವೆಂದು ನಂಬಿದ ನಾವು, ನಮ್ಮ ಮನೆಯ ರೋಗಿಯನ್ನೇ ಹಸಿವಿಗೆ ದೂಡುವುದು ಸಲ್ಲದು. ಏನನ್ನು ಉಣ್ಣಬೇಕೆಂಬುದನ್ನು ವೈದ್ಯರಲ್ಲಿ ಕೇಳೋಣ. ಕೇಳಿದ್ದನ್ನು ಪ್ರೀತಿಯಿಂದ ಬಡಿಸೋಣ.