ಉಜುಮಾಕಿಯ ಸುಳಿ, ಹಿಟ್ಟಿನ ಕೋಳಿಯ ಕೂಗು

ಭಯಾನಕ ಚಿತ್ರಕಥೆಗಳ ಬಗೆಗೆ ಕನ್ನಡದಲ್ಲಿ ಎರಡು ಮಾತುಗಳು ಚಾಲ್ತಿಯಲ್ಲಿವೆ. ಅವು ಹುಡುಗರ ಹಾಳುಹರಟೆಯೆಂಬುದು ಹಿರಿಯರ ತೀರ್ಪು. ವಿಶ್ವದ ಅಗಾಧತೆಯ ಮುಂದೆ ಹುಟ್ಟುವ ದಿಗಿಲು ಅಮೆರಿಕದ ಲವ್‌ಕ್ರಾಫ್ಟನಿಂದ ಜಪಾನಿನ ಜುಂಜಿ ಇಟೊವರೆಗೆ ಬೆಳೆದದ್ದು, ಕನ್ನಡಕ್ಕೆ ಅದರ ಗಂಧವೂ ಇಲ್ಲವೆಂಬುದು ಕಿರಿಯರ ವಾದ. ಎರಡೂ ತಪ್ಪು. ಶಿಕಾರಿಪುರ, ಸೊರಬಗಳ ಕಲ್ಲುಗಳನ್ನು ನೋಡದವರು ಮಾತ್ರ ಹೀಗೆ ಹೇಳಬಲ್ಲರು.

ಉದ್ರಿ, ಹಿರೇಆವಲಿಗಳ ನಿಸಿದಿಗಲ್ಲುಗಳು ಚಿತ್ರಕಥೆಗಳೇ. ಕೆಳಗಿನ ಪಟದಲ್ಲಿ ಗುರುವಿನೆದುರು ವ್ರತನಿರತ ಜೀವ, ಮೇಲೆ ವಿಮಾನ, ತುದಿಯಲ್ಲಿ ಜಿನಬಿಂಬ. ಓದು ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಜಪಾನಿನ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಲು ಕಲಿತವರಿಗೆ ಇದೇನು ಕಷ್ಟ? ಭಯಾನಕವೇ ಬೇಕೆಂದರೆ, ದೇವತೆಗೆ ತನ್ನ ತಲೆಯನ್ನೇ ಅರಿದೊಪ್ಪಿಸಿದ ಸಿಡಿತಲೆಯ ಆತ್ಮಬಲಿಗಳನ್ನೂ ಈ ಸೀಮೆ ಕಲ್ಲಿನಲ್ಲಿ ಉಳಿಸಿದೆ. ಬಳ್ಳಿಗಾವಿಯಲ್ಲಿ 1047ರ ಭೇರುಂಡ ಕಂಬದ ಮೇಲೆ ಮನುಷ್ಯನ ಮೈಗೆ ಎರಡು ಹಕ್ಕಿತಲೆ. ಬಿ. ಎಲ್. ರೈಸ್ ಈ ಎರಡು ತಾಲ್ಲೂಕುಗಳ ಶಾಸನಗಳನ್ನು 1902 ಮತ್ತು 1904ರಲ್ಲಿ ಅಚ್ಚುಹಾಕಿಸಿದರು. ಅಂದಿನಿಂದ ವಿದ್ವತ್ತು ಬಹುಮಟ್ಟಿಗೆ ಅಕ್ಷರಗಳ ಬೆನ್ನುಹತ್ತಿತು, ಪಟಗಳು ಅಲಂಕಾರವೆನಿಸಿದವು. ಚಿತ್ರಕಥೆಯನ್ನು ಕೀಳೆನ್ನುವ ಅಭ್ಯಾಸದ ಒಂದು ಬೇರು ಇಲ್ಲಿಯೂ ಇದೆ.

ಕಿರಿಯರ ವಾದಕ್ಕೆ ಹೆಚ್ಚು ಗೌರವ ಸಲ್ಲಬೇಕು, ಏಕೆಂದರೆ ಅವರು ಓದಿದ್ದಾರೆ. 1998-99ರಲ್ಲಿ ಧಾರಾವಾಹಿಯಾಗಿ ಬಂದ ಇಟೊನ 'ಉಜುಮಾಕಿ'ಯಲ್ಲಿ ಒಂದು ಊರನ್ನು ಸುಳಿಯ ಆಕಾರ ಆವರಿಸುತ್ತದೆ. ಮೈ, ಕೂದಲು, ಹೊಗೆ, ಮನೆ, ಎಲ್ಲವೂ ಸುಳಿಯಾಗುತ್ತವೆ. ಯಾರ ತಪ್ಪಿಗೂ ಅದು ಬಂದದ್ದಲ್ಲ. ವಿಶ್ವ ಅಪಾರ, ಅದಕ್ಕೆ ಕರುಣೆಯಿಲ್ಲ, ಆದ್ದರಿಂದ ಮನುಷ್ಯ ಕ್ಷುದ್ರ: ಇದು ಈ ಪಂಥದ ತರ್ಕ.

ಮೊದಲೆರಡು ಮಾತುಗಳಿಗೆ ಜೈನಾಗಮದ ತಕರಾರಿಲ್ಲ. ಹದಿನಾಲ್ಕು ರಜ್ಜು ಎತ್ತರದ ಲೋಕಕ್ಕೆ ಕರ್ತನಿಲ್ಲ. ಅದರಾಚೆ ಅನಂತ ಅಲೋಕಾಕಾಶ. ಅಲ್ಲಿ ಧರ್ಮದ್ರವ್ಯವಿಲ್ಲ, ಆದ್ದರಿಂದ ಚಲನೆಯೇ ಅಸಾಧ್ಯ. ಲವ್‌ಕ್ರಾಫ್ಟ್ ತನ್ನ ಕತ್ತಲೆಯಲ್ಲಿ ದೈತ್ಯರನ್ನಾದರೂ ಇಟ್ಟ. ಇಲ್ಲಿ ಅವರೂ ಇಲ್ಲ. ಒಪ್ಪದಿರುವುದು ಮೂರನೆಯ ಮಾತನ್ನು. ಜನ್ನನ 'ಯಶೋಧರ ಚರಿತೆ'ಯಲ್ಲಿ (1209) ಕೊಂದದ್ದು ಹಿಟ್ಟಿನ ಕೋಳಿಯನ್ನು. ಕತ್ತಿ ತಾಗಿದೊಡನೆ ಅದು ಕೂಗುತ್ತದೆ. ಆ ಕೂಗಿನ ಬೆನ್ನಿಗೆ ತಾಯಿಮಗ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಳಿಗಳಾಗಿ ಸಾಯುತ್ತ ಹುಟ್ಟುತ್ತಾರೆ. ಭಯ ಬಂದದ್ದು ನಕ್ಷತ್ರಗಳಾಚೆಯಿಂದಲ್ಲ, ಕತ್ತಿ ಹಿಡಿದ ಕೈಯ ಸಂಕಲ್ಪದಿಂದ.

ಇದು ಸಾಂತ್ವನದ ಕಥೆಯೆಂದು ಮೂಗು ಮುರಿಯುವವರಿದ್ದಾರೆ. ಯಾವ ಸಾಂತ್ವನ? ಸುಳಿ ಊರನ್ನು ನುಂಗಿದರೆ ಯಾರೂ ಹೊಣೆಯಲ್ಲ. ಹಿಟ್ಟಿನ ಕೋಳಿ ಕೂಗಿದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಎರಡರಲ್ಲಿ ಹೆಚ್ಚು ಭಯಂಕರವಾದುದು ಎರಡನೆಯದೇ.

ಇಟೊನನ್ನು ಕೈಬಿಡಬೇಕೆಂದು ಇದರರ್ಥವಲ್ಲ. ಅವನ ಕೊನೆಯ ಪುಟಗಳಲ್ಲಿ ಪ್ರೇಮಿಗಳಿಬ್ಬರು ಹೋರಾಟ ಬಿಟ್ಟು, ನೆಲದಡಿಯ ಸುಳಿಗೆ ಮೈಯೊಪ್ಪಿಸುತ್ತಾರೆ. ಆ ಪುಟವನ್ನು ಮುಚ್ಚಿದವರು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೂ ಹೋಗಲಿ. ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆ, ಹತ್ತನೆಯ ಶತಮಾನದ ಮೊದಲ ಪಾದದಲ್ಲಿ, ರೋಗ ತಗುಲಿದಾಗ ಅಧಿಕಾರವನ್ನು ಮಗಳಿಗೊಪ್ಪಿಸಿ ಅಲ್ಲಿಯ ಬಸದಿಗೆ ಬಂದಳು. ವ್ರತ ಹಿಡಿದು, ಎಚ್ಚರದಲ್ಲಿ ಮುಡಿಪಿದಳು.